ಹಳೆ ಆಕ್ಟೇವಿಯಾ ಆರ್‌ಎಸ್: ಮೊದಲು 150 ಕುದುರೆ ಹುಡುಕಿ, ಆಮೇಲೆ 190ರ ಮಾತು

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2004ರಲ್ಲಿ ಭಾರತದ ರಸ್ತೆಗಿಳಿಯಿತು. 1,781 ಸಿಸಿ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಫ್ಯಾನ್ ಇರುವ) ಪೆಟ್ರೋಲ್ ಎಂಜಿನ್, ಸಿಲಿಂಡರ್‌ಗೆ 5ರಂತೆ 20 ವಾಲ್ವ್, 150 ಅಶ್ವಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್. ಎಂಜಿನ್ ಬಿಚ್ಚದೆ, ಬರೀ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ರೀಮ್ಯಾಪ್ ಮಾಡಿಸಿದರೆ 185ರಿಂದ 190ರವರೆಗೆ ಹೋಗುತ್ತದೆ ಎಂಬ ಕಾರಣಕ್ಕೇ ಇವತ್ತಿಗೂ ಇದನ್ನು ಹುಡುಕುವವರಿದ್ದಾರೆ. ತೊಂದರೆ ಏನೆಂದರೆ, ಮಾರಾಟಕ್ಕೆ ನಿಂತ ಎಷ್ಟೋ ಗಾಡಿಗಳಲ್ಲಿ ಆ 150 ಕೂಡ ಉಳಿದಿರುವುದಿಲ್ಲ. ಅಂಥದ್ದಕ್ಕೆ ರೀಮ್ಯಾಪ್ ಮಾಡಿಸುವುದು ತೂತು ಬಿಂದಿಗೆಗೆ ಜೋರಾಗಿ ನೀರು ಬಿಟ್ಟ ಹಾಗೆ.

ಕಾಗದಪತ್ರ ಮೊದಲು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಕಾರುಗಳೆಲ್ಲ ಆ ಗಡಿ ದಾಟಿವೆ ಅಥವಾ ದಾಟುವ ಹಂತದಲ್ಲಿವೆ. ಆರ್‌ಸಿ ನವೀಕರಣ ಆಗಿದೆಯೇ, ಬ್ಯಾಂಕ್ ಸಾಲದ ನಮೂದು ತೆಗೆಸಿದ್ದಾರೆಯೇ, ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಇದೆಯೇ ನೋಡಿ. ‘ಆಮೇಲೆ ಮಾಡಿಸಿಕೊಡ್ತೀನಿ’ ಎನ್ನುವ ಮಾತಿಗೆ ಮುಂಗಡ ಕೊಡಬೇಡಿ.

ಗಾಡಿ ನೋಡಲು ಹೋಗುವ ಹಿಂದಿನ ದಿನವೇ ಮಾಲೀಕರಿಗೆ ಹೇಳಿಡಿ: ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಆಯಿಲ್ ಮುಚ್ಚಳ ತಿರುಗಿಸಿ ಒಳಬದಿಗೆ ಬೆರಳು ಹಾಕಿ. ಕಪ್ಪು ಜೆಲ್ಲಿಯಂಥದ್ದು ಅಂಟಿದರೆ ಆಯಿಲ್ ಕೆಸರಾಗಿದೆ, ಎಂಜಿನ್ ತಳದ ಆಯಿಲ್ ತೊಟ್ಟಿಯ (ಸಂಪ್) ಒಳಗಿನ ಜಾಲರಿಯೂ ಕಟ್ಟಿರುವ ಸಾಧ್ಯತೆ ಇದೆ. ಹಾಗಿದ್ದರೆ ಮೊದಲು ಪೆಟ್ಟು ತಿನ್ನುವುದು ಟರ್ಬೊ. ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಟರ್ಬೊ ಸೀಲ್ ಅಥವಾ ವಾಲ್ವ್ ಸೀಲ್ ಮೇಲೆ ಅನುಮಾನ ಪಡಿ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ (ಪಿಸ್ಟನ್ ಗಾಳಿ ಅದುಮುವ ಒತ್ತಡ) ಅಳೆಸಿ. ಹೆಚ್ಚಿನದಕ್ಕೂ ಕಡಿಮೆಯದಕ್ಕೂ 3 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಚೌಕಾಸಿ ಮಾಡಬೇಡಿ, ವಾಪಸು ಬನ್ನಿ.

ಟೈಮಿಂಗ್ ಬೆಲ್ಟ್ ವಿಷಯದಲ್ಲಿ ಬದಲಿಸಿದ ಬಿಲ್ ಇದ್ದರೆ ಮಾತ್ರ ನಂಬಿ. ಬೆಲ್ಟ್ ತುಂಡಾದರೆ ಪಿಸ್ಟನ್ ಬಂದು ವಾಲ್ವ್‌ಗಳಿಗೆ ಹೊಡೆಯುತ್ತದೆ. ಬಾಗಿದ ವಾಲ್ವ್‌ಗಳ ಲೆಕ್ಕ ಹಾಕಿದರೆ ಕಾರಿನ ಬೆಲೆಯೇ ಹತ್ತಿರ ಬಂತು. ಕಿಲೊಮೀಟರ್ ಎಷ್ಟೇ ಆಗಿರಲಿ, 5 ವರ್ಷ ದಾಟಿದ್ದರೆ ಬೆಲ್ಟ್, ಟೆನ್ಷನರ್, ಥರ್ಮೊಸ್ಟಾಟ್, ವಾಟರ್ ಪಂಪ್ ನಾಲ್ಕನ್ನೂ ಒಟ್ಟಿಗೇ ಹಾಕಿಸಿ. ಪಂಪಿನೊಳಗಿನ ರೆಕ್ಕೆಚಕ್ರ ಲೋಹದ್ದೇ ಆಗಿರಲಿ. ಪ್ಲಾಸ್ಟಿಕ್ಕಿನದು ಬಿರುಕು ಬಿಟ್ಟು ಶಾಫ್ಟ್ ಮೇಲೆ ಸುಮ್ಮನೆ ಜಾರತೊಡಗುತ್ತದೆ. ಹೊರಗೆ ಒಂದು ಹನಿ ಸೋರಿಕೆ ಇರುವುದಿಲ್ಲ, ಆದರೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ.

ಇನ್ನು ಕಳೆದುಹೋದ ಕುದುರೆಗಳು. ಇಪ್ಪತ್ತು ವರ್ಷ ಬಿಸಿ ತಿಂದ ರಬ್ಬರ್ ಪೈಪುಗಳೇ ಅವುಗಳ ದೊಡ್ಡ ಕಳ್ಳರು. ಏರ್ ಫಿಲ್ಟರ್ ಪೆಟ್ಟಿಗೆಯಿಂದ ಟರ್ಬೊಗೆ ಹೋಗುವ ದಪ್ಪ ರಬ್ಬರ್ ಪೈಪು ಕೆಳಬದಿಯಲ್ಲಿ ಬಿರಿಯುತ್ತದೆ. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಸೋರಿಕೆ ಹಿಡಿಯಲು ದುಬಾರಿ ಉಪಕರಣ ಬೇಡ. ಆ ಪೈಪಿನ ಬಾಯಿಗೆ ಕೂರುವ ಪಿವಿಸಿ ಎಂಡ್ ಕ್ಯಾಪ್ ತಂದು, ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಸಿಕ್ಕಿಸಿ. ಒಳಹೋಗುವ ಗಾಳಿ ಅಳೆಯುವ ಏರ್ ಮಾಸ್ ಸೆನ್ಸರ್ ಬಿಚ್ಚಿ, ಆ ಬಾಯಿಗೆ ಕ್ಯಾಪ್ ಕೂರಿಸಿ ಕ್ಲಿಪ್ ಬಿಗಿ ಮಾಡಿ. ಎಂಜಿನ್ ಆಫ್ ಇರುವಾಗ ಕಂಪ್ರೆಸರ್‌ನಿಂದ ನಿಧಾನವಾಗಿ 10 ಪಿಎಸ್‌ಐವರೆಗೆ ಗಾಳಿ ತುಂಬಿ. ಅದಕ್ಕಿಂತ ಹೆಚ್ಚು ಬೇಡ, ಎಂಜಿನ್ ಸೀಲ್‌ಗಳಿಗೆ ಪೆಟ್ಟು. ಸ್ಪ್ರೇ ಬಾಟಲಿಯಲ್ಲಿ ಸೋಪು ನೀರು ಹಿಡಿದು ಪ್ರತಿ ಜೋಡಣೆಗೂ ಸಿಂಪಡಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಮುಂದಿನ ಬಂಪರ್ ಮೂಲೆಯಲ್ಲಿ ಕೂತು ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಎರಡೂ ತುದಿಗಳನ್ನು ಮರೆಯಬೇಡಿ. ಆಕ್ಸಿಲರೇಟರ್ ಬಿಟ್ಟಾಗ ಟರ್ಬೊ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಡೈವರ್ಟರ್ ವಾಲ್ವ್ ಬಿಚ್ಚಿ ಒಳಗಿನ ಬಿಲ್ಲೆಯನ್ನು ಬೆರಳಿನಿಂದ ಒತ್ತಿ, ಸಣ್ಣ ನಳಿಗೆ ಇನ್ನೊಂದು ಬೆರಳು ಮುಚ್ಚಿ ಬಿಡಿ. ಬಿಲ್ಲೆ ಒಳಗೇ ನಿಂತರೆ ಸರಿ, ತಕ್ಷಣ ಹಿಂದೆ ಜಿಗಿದರೆ ಒಳಗಿನ ಪೊರೆ ಹರಿದಿದೆ. ‘710ಎನ್’ ಎಂದು ಕೇಳಿದರೆ ಗಟ್ಟಿಮುಟ್ಟಾದ ಬದಲಿ ಸಿಗುತ್ತದೆ.

ಇಷ್ಟಾದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಕಾರಿನ ಕಂಪ್ಯೂಟರ್ ಓದುವ ವಿಸಿಡಿಎಸ್ ತಂತ್ರಾಂಶ ಹಾಕಿ. 032ನೇ ಗುಂಪಿನಲ್ಲಿ ಇಂಧನ ತಿದ್ದುಪಡಿಯ ಎರಡು ಅಂಕಿ ಸಿಗುತ್ತವೆ. ಐಡಲ್ ಅಂಕಿ ತೀರಾ ಪ್ಲಸ್ ಇದ್ದರೆ ಎಲ್ಲೋ ಕಳ್ಳಗಾಳಿ ಸೇರುತ್ತಿದೆ. ಓಡುವಾಗಿನ ಅಂಕಿ ಪ್ಲಸ್ ಇದ್ದರೆ ಏರ್ ಮಾಸ್ ಸೆನ್ಸರ್ ಕಡಿಮೆ ಓದುತ್ತಿದೆ ಅಥವಾ ಇಂಧನ ಪಂಪ್ ಸೋತಿದೆ. ಒಂದು ಎಚ್ಚರಿಕೆ: ಈಗ ಬಂಕಿನಲ್ಲಿ ಸಿಗುವ ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲಿಗೆ ಅದೇ ಗಾಳಿಗೆ ಸುಮಾರು ಶೇ 8ರಷ್ಟು ಹೆಚ್ಚು ಇಂಧನ ಬೇಕು. ಹಾಗಾಗಿ ಪ್ಲಸ್ 7, 8 ಕಂಡ ಕೂಡಲೇ ಸೆನ್ಸರ್ ಬದಲಿಸಲು ಓಡಬೇಡಿ. ಹಳೆ ಇಂಧನ ಪೈಪುಗಳನ್ನು ಮಾತ್ರ ಎಥೆನಾಲ್ ತಾಳುವ ಬಗೆಯವಕ್ಕೆ ಬದಲಿಸುವುದು ಕ್ಷೇಮ. ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿಯಲು ಇನ್ನೊಬ್ಬರನ್ನು ಕೂರಿಸಿಕೊಂಡು, 3ನೇ ಗೇರ್‌ನಲ್ಲಿ ಪೂರ್ತಿ ಒತ್ತಿ ಗಾಳಿಯ ಹರಿವು ದಾಖಲಿಸಿ. ಸೆಕೆಂಡಿಗೆ ಎಷ್ಟು ಗ್ರಾಂ ಬಂತೋ ಅದನ್ನು 1.25ರಿಂದ ಗುಣಿಸಿದರೆ ಅಂದಾಜು ಅಶ್ವಶಕ್ತಿ. 120ರ ಆಸುಪಾಸು ಇದ್ದರೆ ನಿಮ್ಮ 150 ಕುದುರೆ ಲಾಯದಲ್ಲೇ ಇವೆ. 90 ಬಂದರೆ ರೀಮ್ಯಾಪ್ ಮಾತು ಬಿಡಿ, ಮತ್ತೆ ಪೈಪು, ಸೆನ್ಸರ್ ಹುಡುಕಿ.

ರೀಮ್ಯಾಪ್‌ಗೆ ಮುಂಚೆ ಹೊಸ ಸ್ಪಾರ್ಕ್ ಪ್ಲಗ್ ಹಾಕಿ, ತುದಿಯ ಗ್ಯಾಪ್ 0.7 ಮಿ.ಮೀ.ಗೆ ಇಳಿಸಿ. ಒತ್ತಡ ಹೆಚ್ಚಿದಾಗ ದೊಡ್ಡ ಗ್ಯಾಪಿನಲ್ಲಿ ಕಿಡಿ ಆರಿ ಎಂಜಿನ್ ಮಿಸ್ ಹೊಡೆಯುತ್ತದೆ. ಪ್ಲಗ್‌ಗಳಿಗೆ ವಿದ್ಯುತ್ ಕೊಡುವ ನಾಲ್ಕು ಕಾಯಿಲ್‌ಗಳಲ್ಲಿ ಒಂದು ಹೋಗಿದ್ದರೆ ಉಳಿದ ಮೂರೂ ಸರದಿಯಲ್ಲಿವೆ ಎಂದೇ ತಿಳಿಯಿರಿ. ಆಯಿಲ್ ವಿಡಬ್ಲ್ಯು 502 00 ದರ್ಜೆಯ 5ಡಬ್ಲ್ಯು-40 ಫುಲ್ ಸಿಂಥೆಟಿಕ್ ಇರಲಿ.

ಎಲ್ಲಿ ಓಡಿಸುತ್ತೀರಿ ಎಂಬುದನ್ನು ರೀಮ್ಯಾಪ್ ಮಾಡುವವರಿಗೆ ಹೇಳಲೇಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 0.9 ಬಾರ್. ಮಂಗಳೂರಿನಷ್ಟೇ ಒತ್ತಡ ಎಂಜಿನ್ನಿಗೆ ತಲುಪಿಸಲು ಇಲ್ಲಿ ಈ ಕಾರಿನ ಪುಟ್ಟ ಕೆ03 ಟರ್ಬೊ ಇನ್ನಷ್ಟು ವೇಗವಾಗಿ ತಿರುಗಬೇಕು, ಗಾಳಿಯನ್ನೂ ಇನ್ನಷ್ಟು ಬಿಸಿ ಮಾಡುತ್ತದೆ. 1 ಬಾರ್ ಬೂಸ್ಟ್ (ಟರ್ಬೊ ಸೇರಿಸುವ ಒತ್ತಡ) ಸಾಕು. ಕಾಗದದ ಮೇಲೆ ಇನ್ನೂ ಐದು ಕುದುರೆ ತೋರಿಸಲು ಅದಕ್ಕಿಂತ ಮೇಲೆ ತಳ್ಳುವವರ ಕೈಗೆ ಗಾಡಿ ಕೊಡದಿರುವುದು ಮೇಲು. ದಿನಾ ಯಾವ ಪೆಟ್ರೋಲ್ ಹಾಕುತ್ತೀರೋ ಅದರಲ್ಲೇ ಟ್ಯೂನ್ ಮಾಡಿಸಿ. 100 ಆಕ್ಟೇನ್ ಪೆಟ್ರೋಲ್ ಎಲ್ಲ ಊರಿನ ಬಂಕಿನಲ್ಲೂ ಸಿಗುವುದಿಲ್ಲ.

ಟಾರ್ಕ್ 270, 280ಕ್ಕೆ ಏರಿದಾಗ ಹಳೆ ಕ್ಲಚ್ ಮೊದಲು ಕೈಕೊಡುತ್ತದೆ. 4ನೇ ಗೇರ್‌ನಲ್ಲಿ 2,500 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್ ಪ್ಯಾಡ್, ಹೊಸ ಡಾಟ್ 4 ಬ್ರೇಕ್ ಆಯಿಲ್ ಹಾಕಿಸುವುದು ರೀಮ್ಯಾಪ್‌ಗಿಂತ ಮುಂಚಿನ ಕೆಲಸ. ಟೈರಿನ ಪಕ್ಕದಲ್ಲಿ 2318 ಎಂದಿದ್ದರೆ 2018ರ 23ನೇ ವಾರದ್ದು, ಬದಲಿಸಿ.

ಎಂಜಿನ್ನನ್ನೇ ಬದಲಿಸುವ ಆಸೆ ಇದ್ದರೆ ಆರ್‌ಟಿಒ ಅನುಮತಿ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೀರಿದರೆ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. ಸೈಲೆನ್ಸರಿನ ಕ್ಯಾಟ್ (ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಕಿತ್ತು ಹಾಕಿಸಿದರೆ ಆರ್‌ಸಿ ನವೀಕರಣದ ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ರೀಮ್ಯಾಪ್ ಆದ ದಿನ ಬಿಲ್ ಕೊಡುವ ಮುಂಚೆ ವಿಸಿಡಿಎಸ್‌ನಲ್ಲಿ 020ನೇ ಗುಂಪು ತೆರೆದು ಇನ್ನೊಮ್ಮೆ 3ನೇ ಗೇರ್ ಓಟ ಓಡಿಸಿ. ನಾಕಿಂಗ್ (ಇಂಧನ ಅಕಾಲದಲ್ಲಿ ಸಿಡಿಯುವುದು) ತಡೆಯಲು ಕಂಪ್ಯೂಟರ್ ಕಿಡಿಯನ್ನು ಎಷ್ಟು ಡಿಗ್ರಿ ಹಿಂದಕ್ಕೆ ಎಳೆಯುತ್ತಿದೆ ಎಂಬುದು ಸಿಲಿಂಡರ್‌ವಾರು ಕಾಣುತ್ತದೆ. 3 ಡಿಗ್ರಿಯೊಳಗಿದ್ದರೆ ನಿಶ್ಚಿಂತೆ. ಹಲವು ಸಿಲಿಂಡರ್‌ಗಳಲ್ಲಿ 6 ದಾಟಿದರೆ ಅಲ್ಲೇ ನಿಂತು ಬೂಸ್ಟ್ ಇಳಿಸಲು ಹೇಳಿ.