ಬಿಆರ್‌ಎಸ್‌ಆರ್‌ನಲ್ಲಿ ಗುತ್ತಿಗೆ ಕಾರ್ಮಿಕರ ಲೆಕ್ಕ ಹಿಡಿಯುವುದು ಹೇಗೆ?

ಕಲ್ಲಿದ್ದಲು ಘಟಕ ಮುಚ್ಚಿದಾಗ, ಎಂಜಿನ್ ಲೈನ್ ಇದ್ದ ಜಾಗಕ್ಕೆ ಬ್ಯಾಟರಿ ಲೈನ್ ಬಂದಾಗ ಕೆಲಸ ಕಳೆದುಕೊಂಡವರೆಷ್ಟು? ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಲಿಸ್ಟೆಡ್ ಕಂಪನಿಗಳಿಗೆ 2022–23ರಿಂದ ಷೇರುಪೇಟೆ ನಿಯಂತ್ರಕ ಸೆಬಿ ಕಡ್ಡಾಯ ಮಾಡಿರುವ ಬಿಆರ್‌ಎಸ್‌ಆರ್‌ನಲ್ಲಿ, ಅಂದರೆ ಉದ್ಯಮದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯಲ್ಲಿ, ಇದಕ್ಕೆ ನೇರ ಕಾಲಂ ಇಲ್ಲ. ಲೆಕ್ಕವನ್ನು ನಾವೇ ಹೆಕ್ಕಬೇಕು.

1. ಬಿಎಸ್‌ಇ ಅಥವಾ ಎನ್‌ಎಸ್‌ಇ ಜಾಲತಾಣದಿಂದ ಮೂರು ವರ್ಷದ ವಾರ್ಷಿಕ ವರದಿ ಇಳಿಸಿಕೊಳ್ಳಿ; ಬಿಆರ್‌ಎಸ್‌ಆರ್ ಅದರದ್ದೇ ಭಾಗ. ಬಣ್ಣದ ಚಿತ್ರಗಳ ಸುಸ್ಥಿರತೆ ಪುಸ್ತಿಕೆ ಬೇಡ. ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಅಂಕ ಕೊಡುವ ಆ್ಯಪ್‌ಗಳಂತೂ ಬೇಡವೇ ಬೇಡ. ಒಂದೇ ಅಂಕಿಯೊಳಗೆ ಕಾರ್ಮಿಕ ಕಾಣುವುದಿಲ್ಲ.

2. ಬಿಆರ್‌ಎಸ್‌ಆರ್‌ನ ‘ಎ’ ವಿಭಾಗದಲ್ಲಿ ವರದಿಯ ವ್ಯಾಪ್ತಿ ನೋಡಿ. ಒಂದು ವರ್ಷ ಕಂಪನಿಯದ್ದಷ್ಟೇ ಲೆಕ್ಕ, ಮರುವರ್ಷ ಅಂಗಸಂಸ್ಥೆಗಳೂ ಸೇರಿದ್ದರೆ ಹೋಲಿಕೆ ಕೆಡುತ್ತದೆ. ಘಟಕ ಮಾರಾಟವಾಗಿದೆಯೇ ಎಂಬುದನ್ನೂ ಗಮನಿಸಿ.

3. ಎಲ್ಲರೂ ಎಡವುವುದು ಇಲ್ಲೇ. ಕೆಲಸ ಬಿಟ್ಟವರ ಪ್ರಮಾಣದ ಕೋಷ್ಟಕ, ಅಂದರೆ ಟರ್ನೋವರ್ ನೋಡಿ ‘ಶೇ 4 ಮಾತ್ರ, ಪರವಾಗಿಲ್ಲ’ ಎಂದು ಪುಟ ತಿರುಗಿಸುತ್ತಾರೆ. ಆ ಕೋಷ್ಟಕ ಕಾಯಂ ನೌಕರರದ್ದು ಮತ್ತು ಕಾಯಂ ಕಾರ್ಮಿಕರದ್ದು ಮಾತ್ರ. ಅದರಲ್ಲೂ ನಿವೃತ್ತಿ, ರಾಜೀನಾಮೆ, ವಜಾ ಎಲ್ಲ ಒಂದೇ ಅಂಕಿ. ಗುತ್ತಿಗೆಯವರನ್ನು ಗೇಟಿನಾಚೆ ಕಳಿಸಿದರೆ ಅಲ್ಲಿ ಒಂದು ಗೆರೆಯೂ ಅಲುಗದು.

ಆದ್ದರಿಂದ ಅದಕ್ಕೂ ಮೊದಲು ಬರುವ ಸಿಬ್ಬಂದಿ ಸಂಖ್ಯೆಯ ಕೋಷ್ಟಕಕ್ಕೆ ಹೋಗಿ. ನೌಕರರು ಮತ್ತು ಕಾರ್ಮಿಕರು ಬೇರೆ ಬೇರೆ ಇರುತ್ತಾರೆ. ‘ಕಾಯಂ ಅಲ್ಲದ ಕಾರ್ಮಿಕರು’ ಎಂಬ ಸಾಲು ಹಿಡಿಯಿರಿ; ಗುತ್ತಿಗೆಯವರು ಬರುವುದು ಇಲ್ಲೇ. ಮೂರೂ ವರ್ಷದ ಅಂಕಿಯನ್ನು ಕಾಗದದ ಮೇಲೆ ಪಕ್ಕಪಕ್ಕ ಬರೆಯಿರಿ, ಗಂಡಸರು, ಹೆಂಗಸರು ಬೇರೆ ಬೇರೆ. ಉದಾಹರಣೆಗೆ 1,240, 860, 510 ಎಂದಿದ್ದು ಕಾಯಂ ಕಾರ್ಮಿಕರ ಸಂಖ್ಯೆ ಹಾಗೆಯೇ ಇದ್ದರೆ, ಟರ್ನೋವರ್ ಎಷ್ಟೇ ಕಡಿಮೆಯಿರಲಿ, 730 ಗುತ್ತಿಗೆ ಕೆಲಸ ಕರಗಿದೆ. ಸಂಘದ ಸದಸ್ಯತ್ವದ ಕೋಷ್ಟಕವೂ ಕಾಯಂ ಆದವರದ್ದೇ. ಅಲ್ಲಿ ಶೇ 90 ಕಂಡರೆ ಇಡೀ ಕಾರ್ಖಾನೆಯದ್ದೆಂದು ತಿಳಿಯಬೇಡಿ.

4. ನೌಕರರ, ಕಾರ್ಮಿಕರ ಹಿತದ ಕುರಿತ ‘ಮೂರನೇ ತತ್ವ’ ಎಂಬ ಭಾಗದಲ್ಲಿ, ಗಾಯದಿಂದ ಕೆಲಸ ತಪ್ಪಿದ ಅಪಘಾತಗಳ ದರವಿದೆ: ಹತ್ತು ಲಕ್ಷ ದುಡಿಮೆ ಗಂಟೆಗೆ ಎಷ್ಟು ಎಂಬ ಲೆಕ್ಕ. 24 ಲಕ್ಷ ಗಂಟೆಗೆ 6 ಅಪಘಾತವಾದರೆ ದರ 2.5. ಗುತ್ತಿಗೆಯವರ ಗಂಟೆ ಸೇರಿಸಿ, ಆ 6ರಲ್ಲಿ ಅವರ 4 ಅಪಘಾತ ಬಿಟ್ಟರೆ 0.83ಕ್ಕೆ ಇಳಿಯುತ್ತದೆ. ಅಡಿಟಿಪ್ಪಣಿ ಓದದೆ ದರ ನಂಬಬೇಡಿ.

5. ಕೆಲಸ ಮುಗಿದವರಿಗೆ ಮುಂದಿನ ಉದ್ಯೋಗಕ್ಕೆ ನೆರವಿದೆಯೇ ಎಂಬ ಪ್ರಶ್ನೆಯೂ ಇದೇ ತತ್ವದಲ್ಲಿದೆ. ಅದು ಐಚ್ಛಿಕ, ಕೇಳುವುದು ‘ಹೌದು’ ಅಥವಾ ‘ಇಲ್ಲ’ ಅಷ್ಟೆ. ‘ಹೌದು’ ಎಂದಿದ್ದರೆ ಕೌಶಲ ತರಬೇತಿಯ ಕೋಷ್ಟಕದ ಜೊತೆ ತಾಳೆ ನೋಡಿ.

6. ಒಂದೇ ಷೇರಿದ್ದರೂ ವಾರ್ಷಿಕ ಸಭೆಯಲ್ಲಿ ಕೇಳಬಹುದು. ಮಾತನಾಡಲು ಮೊದಲೇ ಹೆಸರು ನೋಂದಾಯಿಸಿ. ‘ಕಾರ್ಮಿಕರಿಗೆ ಏನು ಮಾಡಿದ್ದೀರಿ?’ ಎಂದರೆ ಭಾಷಣ ಸಿಗುತ್ತದೆ. ಹೀಗೆ ಕೇಳಿ: ‘ಕಾಯಂ ಅಲ್ಲದ ಕಾರ್ಮಿಕರು 1,240ರಿಂದ 510ಕ್ಕೆ ಇಳಿದಿದ್ದಾರೆ. ಹೋದ 730 ಮಂದಿಯಲ್ಲಿ ಹೊಸ ಲೈನಿಗೆ ತರಬೇತಿ ಪಡೆದವರೆಷ್ಟು, ಬಾಕಿ ಪಿಎಫ್ ಸಂದಾಯವಾಗಿದೆಯೇ?’