ಕ್ರಿಪ್ಟೊ ಟ್ರೇಡಿಂಗ್ ಮಾಡೋರು ಮೊದಲು ಟ್ಯಾಕ್ಸ್ ಲೆಕ್ಕ ಹಾಕಿ

ಗ್ರೂಪಲ್ಲಿ ಕೆಲವರು ದಿನಾ ಕಾಯಿನ್ ಕೊಂಡು ಮಾರುತ್ತಿದ್ದೀರಿ, ಅದಕ್ಕೇ ಇದನ್ನು ಹಾಕುತ್ತಿದ್ದೇನೆ. ಬೆಲೆ ಏರಿಳಿತದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಟ್ಯಾಕ್ಸ್ ನೆನಪಾಗೋದು ರಿಟರ್ನ್ ಹಾಕುವಾಗ ಮಾತ್ರ, ಅಲ್ವಾ?

2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಆ ತೆರಿಗೆಯ ಮೇಲೆ ಶೇ 4 ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಬಿಟ್‌ಕಾಯಿನ್‌ನಲ್ಲಿ 40,000 ರೂ. ಲಾಭ, ಈಥರ್ ಅನ್ನೋ ಇನ್ನೊಂದು ಕಾಯಿನ್‌ನಲ್ಲಿ 30,000 ರೂ. ನಷ್ಟ ಅಂತಿಟ್ಟುಕೊಳ್ಳಿ. ಕೈಯಲ್ಲಿ ಉಳಿದದ್ದು 10,000. ಕಟ್ಟಬೇಕಾದ ತೆರಿಗೆ 12,480! ಗೆದ್ದೂ ಸೋತ ಹಾಗೆ. ಮುಂದಿನ ವರ್ಷಕ್ಕೂ ಆ ನಷ್ಟ ಹೋಗಲ್ಲ.

ಮಾರಿದಾಗಲೆಲ್ಲ ಶೇ 1 ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಬೇರೆ. ರಿಟರ್ನ್‌ನಲ್ಲಿ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತೆ. ಹಾಗಾಗಿ ಗಂಟೆಗೊಮ್ಮೆ ಕೊಂಡು ಮಾರೋದು ನಮ್ಮಂಥವರಿಗೆ ಗಿಟ್ಟಲ್ಲ. ಹೋದರೂ ಪರವಾಗಿಲ್ಲ ಅನ್ನುವಷ್ಟು ದುಡ್ಡು ಹಾಕಿ, ಮುಖ್ಯವಾದ ಒಂದೆರಡು ಕಾಯಿನ್ ಕೊಂಡು ಸುಮ್ನೆ ಇಟ್ಟುಕೊಳ್ಳೋದು ವಾಸಿ. ಲಾಭದ ಅವಕಾಶ ಇದ್ದರೆ ಅಲ್ಲೇ ಜಾಸ್ತಿ ಅಂತ ನನ್ನ ಲೆಕ್ಕ.

ಎಲ್ಲ ಕಾಯಿನ್‌ಗಳನ್ನೂ ಒಂದೇ ಎಕ್ಸ್‌ಚೇಂಜ್‌ನಲ್ಲಿ (ಕಾಯಿನ್ ಕೊಂಡು ಮಾರುವ ಆನ್‌ಲೈನ್ ತಾಣ) ಬಿಡಬೇಡಿ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಅನ್ನೋ ಎಕ್ಸ್‌ಚೇಂಜ್ ಹ್ಯಾಕ್ ಆಗಿ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ಕ್ರಿಪ್ಟೊ ಹೋಯಿತು. ಗ್ರಾಹಕರ ಕಾಯಿನ್ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಕೊಂಡಿತ್ತು.

ಪಿ2ಪಿಯಲ್ಲಿ, ಅಂದರೆ ನೇರವಾಗಿ ಇನ್ನೊಬ್ಬ ವ್ಯಕ್ತಿಗೆ ಮಾರುವವರು ಇನ್ನೊಂದು ನೋಡಿ. ದುಡ್ಡು ಬಂದ ಖಾತೆಯ ಹೆಸರೂ ಕೊಳ್ಳುವವನ ಹೆಸರೂ ಬೇರೆಯಾಗಿದ್ದರೆ ಕಾಯಿನ್ ಕಳಿಸಬೇಡಿ. ಅದು ವಂಚನೆಯ ದುಡ್ಡಾಗಿದ್ದರೆ ಸೈಬರ್ ಪೊಲೀಸರು ನಿಮ್ಮ ಬ್ಯಾಂಕ್ ಖಾತೆಯನ್ನೂ ಫ್ರೀಜ್ ಮಾಡಿಸಬಹುದು.