ಫ್ಯಾಂಟಸಿ ಸಿನಿಮಾ: ಡಬ್ಬಿಂಗೋ, ಮೂಲ ಆಡಿಯೊವೋ?

ಮೊದಲು ಸಿನಿಮಾದ ಮೂಲ ಭಾಷೆ ಯಾವುದೆಂದು ನೋಡಿಕೊಳ್ಳಿ. ಅದು ಒಂದೇ ಇರಬೇಕೆಂದಿಲ್ಲ. 2015ರ ‘ಬಾಹುಬಲಿ’ ತೆಲುಗು, ತಮಿಳು ಎರಡರಲ್ಲೂ ಒಟ್ಟಿಗೇ ಚಿತ್ರೀಕರಣವಾದದ್ದು, ಹಿಂದಿಯದು ಡಬ್ಬಿಂಗ್. ತೆಲುಗು ಕಿವಿಗೆ ಒಗ್ಗಿರುವ ಬಳ್ಳಾರಿ, ಕೋಲಾರದ ಕಡೆಯವರು ಹಿಂದಿ ಆಡಿಯೊ ಹಾಕಿಕೊಳ್ಳಲು ಕಾರಣವೇ ಇಲ್ಲ.

ಡಬ್ಬಿಂಗ್ ಹೇಗಿದೆ ಎಂದು ಯುದ್ಧದ ದೃಶ್ಯ ನೋಡಿ ತೀರ್ಮಾನಿಸಬೇಡಿ. ಸಂಗೀತ ಮತ್ತು ಸದ್ದುಗಳ ಟ್ರ್ಯಾಕ್ ಸಾಮಾನ್ಯವಾಗಿ ಮಾತಿನ ಟ್ರ್ಯಾಕ್‌ನಿಂದ ಪ್ರತ್ಯೇಕವಾಗಿರುತ್ತದೆ, ಬದಲಾಗುವುದು ಮಾತು ಮಾತ್ರ. ಡ್ರ್ಯಾಗನ್ ಎಲ್ಲ ಭಾಷೆಯಲ್ಲೂ ಒಂದೇ ಥರ ಗರ್ಜಿಸುತ್ತದೆ. ಇಬ್ಬರು ಹತ್ತಿರ ನಿಂತು ಮಾತಾಡುವ ದೃಶ್ಯವೊಂದನ್ನು ಹುಡುಕಿ, ಐದು ನಿಮಿಷ ಎರಡೂ ಆಡಿಯೊದಲ್ಲಿ ನೋಡಿ. ಪ, ಬ, ಮ ಬರುವಾಗ ತುಟಿ ಮುಚ್ಚದಿದ್ದರೆ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಮಾತು ಶುರುವಾದೊಡನೆ ಹಿಂದಿನ ಗಾಳಿ, ಹೆಜ್ಜೆ ಸದ್ದು ಸತ್ತಂತಾದರೆ ಸದ್ದುಗಳ ಟ್ರ್ಯಾಕ್ ಪೂರ್ತಿ ಇರಲಿಲ್ಲವೆಂದೇ ಲೆಕ್ಕ; ಮೂಲಕ್ಕೆ ಮರಳಿ. ಜಪಾನಿನ ಅನಿಮೇಷನ್‌ನಲ್ಲಿ ಚಿತ್ರ ಮೊದಲು, ದನಿ ಆಮೇಲೆ ಬರುವುದೇ ಹೆಚ್ಚು. ಹಾಗಾಗಿ ಅಲ್ಲಿ ಡಬ್ಬಿಂಗ್ ಅಷ್ಟು ಎದ್ದು ಕಾಣದು.

ಹೆಚ್ಚು ಜನ ಎಡವುವುದು ಸಬ್‌ಟೈಟಲ್‌ನಲ್ಲಿ. ‘ಇಂಗ್ಲಿಷ್ ಸಿಸಿ’ (ಕ್ಲೋಸ್ಡ್ ಕ್ಯಾಪ್ಷನ್, ಕಿವಿ ಕೇಳದವರಿಗೆಂದು ಮಾಡಿದ ಬರಹ) ಎಂದಿರುವುದು ಎಷ್ಟೋ ಸಲ ಇಂಗ್ಲಿಷ್ ಡಬ್ಬಿಂಗಿನ ಮಾತುಗಳ ಬರಹ. ಜಪಾನಿ ಆಡಿಯೊಗೆ ಅದನ್ನು ಹಾಕಿದರೆ ಯಾರೂ ಆಡದ ಮಾತು ಪರದೆಯ ಮೇಲೆ ಬರುತ್ತದೆ. ಜಪಾನಿನ ಅನಿಮೇಷನ್ ಚಿತ್ರ ‘ಸ್ಪಿರಿಟೆಡ್ ಅವೇ’ ಇಂಗ್ಲಿಷ್‌ನಲ್ಲಿ ಮುಗಿಯುವಾಗ ಅಪ್ಪ ಮಗಳ ನಡುವೆ ಮೂಲದಲ್ಲಿಲ್ಲದ ಮಾತೇ ಸೇರಿಕೊಂಡಿದೆ. ಪಟ್ಟಿಯಲ್ಲಿ ಸಿಸಿ ಇಲ್ಲದ ಬರಿಯ ‘ಇಂಗ್ಲಿಷ್’ ಇದ್ದರೆ ಅದನ್ನು ಪರೀಕ್ಷಿಸಿ. ಇನ್ನು ‘ಲಾರ್ಡ್ ಆಫ್ ದಿ ರಿಂಗ್ಸ್’ನಂಥವುಗಳಲ್ಲಿ ಎಲ್ವಿಶ್ ಎಂಬ ಕಲ್ಪಿತ ಭಾಷೆಯ ಮಾತುಗಳಿವೆ, ಸಬ್‌ಟೈಟಲ್ ಪೂರ್ತಿ ಆಫ್ ಮಾಡಿದರೆ ಅವುಗಳ ಅರ್ಥವೂ ಹೋಗಬಹುದು. ‘ಫೋರ್ಸ್ಡ್’ ಎಂಬ ಆಯ್ಕೆ ಆ ಸಾಲುಗಳನ್ನಷ್ಟೇ ತೋರಿಸುತ್ತದೆ.

ಮೂಲ ಆಡಿಯೊ 5.1 (ಆರು ಚಾನಲ್‌ಗಳದು) ಇದ್ದು, ಟಿವಿಗೆ ಎರಡೇ ಸ್ಪೀಕರ್ ಇದ್ದರೆ ಮಾತು ಪಿಸುಗುಟ್ಟಿದಂತೆ, ಸ್ಫೋಟ ಕಿವಿಗಡಚಿಕ್ಕುವಂತೆ ಕೇಳಬಹುದು. ಮಾತು ಇರುವುದು ನಡುವಿನ ಚಾನಲ್‌ನಲ್ಲಿ. ಎರಡಕ್ಕೆ ಇಳಿಸುವಾಗ ಅದು ಉಳಿದ ಸದ್ದಿನಡಿ ಹೂತುಹೋಗಬಹುದು. ಪಟ್ಟಿಯಲ್ಲಿ ಸ್ಟೀರಿಯೊ ಇದ್ದರೆ ಅದನ್ನೇ ಆರಿಸಿ.

ವಿಂಡೋಸ್ ಕಂಪ್ಯೂಟರಿನ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಬಿ ಕೀ ಆಡಿಯೊ ಬದಲಿಸುತ್ತದೆ, ವಿ ಕೀ ಸಬ್‌ಟೈಟಲ್. ತುಟಿಗಿಂತ ಮಾತು ಮುಂದೆ ಓಡಿದರೆ ಕೆ, ಹಿಂದೆ ಬಿದ್ದರೆ ಜೆ. ಒಮ್ಮೆ ಒತ್ತಿದರೆ 50 ಮಿಲಿಸೆಕೆಂಡ್. ಸಬ್‌ಟೈಟಲ್‌ಗೆ ಹೀಗೇ ಎಚ್ ಮತ್ತು ಜಿ. ಆರಂಭದಲ್ಲಿ ಸರಿಯಿದ್ದ ಸಬ್‌ಟೈಟಲ್ ಗಂಟೆಗೆ ಎರಡೂವರೆ ನಿಮಿಷದಷ್ಟು ಜಾರಿದರೆ ಈ ಕೀಗಳನ್ನು ಒತ್ತಿ ಫಲವಿಲ್ಲ: ವಿಡಿಯೊ, ಸಬ್‌ಟೈಟಲ್ ಎರಡರಲ್ಲಿ ಒಂದರ ಲೆಕ್ಕ ಸೆಕೆಂಡಿಗೆ 25 ಫ್ರೇಮಿನದು (ಫ್ರೇಮ್ ಎಂದರೆ ಒಂದು ಬಿಡಿ ಚಿತ್ರ), ಇನ್ನೊಂದರದು 23.976ರದು. ಟೂಲ್ಸ್ ಮೆನುವಿನ ಟ್ರ್ಯಾಕ್ ಸಿಂಕ್ರೊನೈಸೇಷನ್‌ನಲ್ಲಿ ಸಬ್‌ಟೈಟಲ್ ವೇಗ ತಿದ್ದಬೇಕು.

ಥಿಯೇಟರಿನಲ್ಲಿ ಇದ್ಯಾವುದೂ ನಡೆಯದು. ಟಿಕೆಟ್ ತೆಗೆಯುವಾಗಲೇ ಭಾಷೆ, 2ಡಿ/3ಡಿ ಎರಡನ್ನೂ ನೋಡಿ. 3ಡಿಯಲ್ಲಿ ಸಬ್‌ಟೈಟಲ್ ಓದುವುದು ಕಣ್ಣಿಗೆ ಶಿಕ್ಷೆ. 2022ರಲ್ಲಿ ಎರಡನೇ ‘ಅವತಾರ್’ ಬಂದಂತೆ ಕನ್ನಡ ಡಬ್ಬಿಂಗ್ ಇದ್ದರೆ, ಓದಲು ಬಾರದ ಮಕ್ಕಳೂ ಜೊತೆಗಿದ್ದರೆ, ಅದಕ್ಕೇ ಹೋಗಿ. ಮನೆಯಲ್ಲಿ ಇನ್ನೊಮ್ಮೆ ನೋಡುವಾಗ ಮೂಲ ಹಾಕಿಕೊಳ್ಳಬಹುದು. ಪ್ರಯಾಣಕ್ಕೆಂದು ಡೌನ್‌ಲೋಡ್ ಮಾಡುವುದಾದರೆ ಆಡಿಯೊ ಭಾಷೆಯನ್ನು ಮೊದಲೇ ಆರಿಸಿ, ಹೊರಡುವ ಮುನ್ನ ಇಂಟರ್‌ನೆಟ್ ಆಫ್ ಮಾಡಿ ಒಮ್ಮೆ ಓಡಿಸಿ ನೋಡಿ. ಎಲ್ಲ ಭಾಷೆಗಳೂ ಫೈಲಿನೊಳಗೆ ಇಳಿದಿರುವುದಿಲ್ಲ.